ಹೆಸರು ಹೇಳ್ದೇ ಪುರಾಣದ ಚಿತ್ರ ನೋಡಿ ಬರೆಯೋದು: ಇಕಾರಸ್, ಜಟಾಯು, ಆಮೇಲೆ ಕಾವೇರಿ

ಬಣ್ಣದಬುಟ್ಟಿ (ಗೋಣಿಕೊಪ್ಪ):
ಎಲ್ರಿಗೂ ನಮಸ್ಕಾರ. ನಮ್ಮನೇಲಿ ಭಾನುವಾರ ಊಟ ಆದ್ಮೇಲೆ ಒಂದಷ್ಟು ಜನ ಸೇರೋದು ಇಲ್ಲಿ ಕೆಲವ್ರಿಗೆ ಗೊತ್ತಿದೆ. ಬ್ರಷ್ ಹಿಡಿಯೋರು ಸ್ವಲ್ಪ, ಪೆನ್ನು ಹಿಡಿಯೋರು ಸ್ವಲ್ಪ, ಬರೀ ಕಾಫಿಗೆ ಅಂತ ಬರೋರೂ ಇದಾರೆ (ಯಾರು ಅಂತ ಅವ್ರಿಗೇ ಗೊತ್ತು). ಈ ಮಳೆಗಾಲಕ್ಕೆ ಪುರಾಣದ ಚಿತ್ರಗಳನ್ನ ಹಿಡ್ಕೊಂಡಿದೀವಿ. ಆಟ ಏನಪ್ಪಾ ಅಂದ್ರೆ, ಬರೆಯೋರು ಮಹಡಿ ಮೇಲೆ ಹೋಗಿ ಗೋಡೆಗೆ ಅಂಟಿಸಿರೋ ಪ್ರಿಂಟ್ ನೋಡಿ ಕಣ್ಣಿಗೆ ಕಂಡಿದ್ದನ್ನ ಒಂದು ಹಾಳೇಲಿ ಬರೀಬೇಕು, ಕೆಳಗಡೆ ಕೂತಿರೋ ಚಿತ್ರಗಾರರು ಆ ಪ್ರಿಂಟ್ ನೋಡೋ ಹಾಗಿಲ್ಲ, ಕೈಗೆ ಬಂದ ಹಾಳೆ ಓದಿ ಅದರ ಪ್ರಕಾರ ಬಣ್ಣ ಹಚ್ಬೇಕು, ಸಾಯಂಕಾಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು.

ಮೊದ್ಲು ವನವಾಸದ ಒಂದು ಚಿತ್ರ ಕೊಟ್ಟೆ. ಮೇಲಿಂದ ಇಳಿದು ಬಂದ ಹಾಳೆಗಳಲ್ಲಿ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಒಂದೇ, "ರಾಮ ಸೀತೆ ಲಕ್ಷ್ಮಣರು ಕಾಡಿನಲ್ಲಿ ಕುಳಿತಿದ್ದಾರೆ, ಪ್ರಕೃತಿ ರಮಣೀಯವಾಗಿದೆ". ಮುಗೀತು! ಕೆಳಗಿನವ್ರು ಪಾಪ ಏನು ಮಾಡ್ತಾರೆ, ಕ್ಯಾಲೆಂಡರ್ ರಾಮನ್ನ ಬರೆದು ಕೊಟ್ರು. ಯಾರು ಯಾವ ಕಡೆ ತಿರುಗಿದಾರೆ, ಕೈ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬೀಳ್ತಿದೆ, ಒಬ್ರೂ ನೋಡಿಲ್ಲ. ಹೆಸರು ಸಿಕ್ಕಿದ ತಕ್ಷಣ ಕಣ್ಣು ರಜೆ ಹಾಕ್ಬಿಡುತ್ತೆ.

ಅದಕ್ಕೇ ಆ ಮುಂದಿನ ವಾರ ಗ್ರೀಕ್ ಕಥೆಗೆ ಹೋದೆ. ಚಿತ್ರಗಾರ ಬ್ರೂಗೆಲ್ ಹೆಸರಲ್ಲಿರೋ 'ಇಕಾರಸ್ ಬೀಳೋದು' (ಮೇಣ ಹಚ್ಚಿದ ರೆಕ್ಕೆ ಕಟ್ಕೊಂಡು ಸೂರ್ಯನ ಹತ್ರ ಹಾರಿ, ಮೇಣ ಕರಗಿ ಸಮುದ್ರಕ್ಕೆ ಬಿದ್ದ ಹುಡುಗ), 1560ರ ಆಸುಪಾಸಿನದು, ಈಗ ಬ್ರಸೆಲ್ಸ್‌ನ ರಾಯಲ್ ಮ್ಯೂಸಿಯಂನಲ್ಲಿದೆ. ಯಾರದ್ದು, ಯಾವ ಕಥೆ, ಏನೂ ಹೇಳ್ಲಿಲ್ಲ. ನೋಡಿ ಬಂದ ಒಂದು ಹಾಳೆ ಹಂಗೇ ಹಾಕ್ತೀನಿ:

"ಎದುರಿಗೆ ಒಬ್ಬ ಉಳ್ತಿದಾನೆ. ಅಂಗಿ ತೋಳು ಕೆಂಪು ಬಣ್ಣ. ಒಂದೇ ಕುದುರೆ. ತಲೆ ಬಗ್ಗಿಸಿದಾನೆ. ಉತ್ತ ಮಣ್ಣು ಸೀರೆ ನೆರಿಗೆ ಥರ ಸಾಲಾಗಿ ಬಿದ್ದಿದೆ. ಅವನಿಗಿಂತ ಕೆಳಗೆ ಕುರಿ ಕಾಯೋನು ಕೋಲಿಗೆ ಒರಗಿ ಆಕಾಶ ನೋಡ್ತಾ ನಿಂತಿದಾನೆ, ನಾಯಿ ಇದೆ. ಕುರಿಗಳು ನೀರಿನ ಅಂಚಿಗೆ ಹೋಗ್ಬಿಟ್ಟಿವೆ, ಅವನಿಗೆ ಗಮನ ಇಲ್ಲ. ಸಮುದ್ರ ನೀಲಿ ಅಲ್ಲ, ಹಸಿರು. ಸೂರ್ಯ ನೀರಿಗೆ ತಾಗೋ ಹಾಗಿದಾನೆ. ಬಲಗಡೆ ಮೂಲೇಲಿ ಒಬ್ಬ ಗಾಳ ಹಾಕಿ ಕೂತಿದಾನೆ. ಅವನ ಆಚೆ ದೊಡ್ಡ ಹಡಗು. ಹಡಗಿಗೂ ದಡಕ್ಕೂ ಮಧ್ಯ ನೀರಲ್ಲಿ ಎರಡು ಕಾಲು."

ಕೊನೇ ಸಾಲಲ್ಲಿ ಎರಡು ಕಾಲು! ಇಷ್ಟಾದ್ರೂ ಇವ್ರು ನೋಡಿದಾರೆ, ಉಳಿದೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಾಲು ಕಂಡೇ ಇಲ್ಲ, ಒಬ್ರು "ಯಾರೋ ಈಜ್ತಿದಾರೆ" ಅಂತ ಬರೆದಿದ್ರು. ಕೆಳಗೆ ಬಂದ ಚಿತ್ರಗಳು ಮಾತ್ರ ಈ ಸಲ ಜೀವ ಇರೋ ಚಿತ್ರಗಳು. ಮುಂದಕ್ಕೆ ಯಾವ ಚಿತ್ರ ಕೊಡೋಣ ಹೇಳಿ.

ಕರಿಮೆಣಸು (ಸುಂಟಿಕೊಪ್ಪ):
ಎಂಥ ಅಕ್ಕ, ನಮ್ಮಲ್ಲಿ ಪುರಾಣಕ್ಕೆ ಬರಗಾಲವಾ? ತಲಕಾವೇರಿ ಇಲ್ಲೇ ಇದೆ, ದಸರಾ ಬಂದ್ರೆ ಮಡಿಕೇರಿ ತುಂಬಾ ಮಂಟಪಗಳಲ್ಲಿ ಇಡೀ ಪುರಾಣವೇ ರಸ್ತೆಗೆ ಇಳಿಯುತ್ತೆ, ಅದನ್ನೆಲ್ಲ ಬಿಟ್ಟು ಯಾವನೋ ಗ್ರೀಕ್ ಹುಡುಗ ನೀರಿಗೆ ಬಿದ್ದಿದ್ದನ್ನ ಗೋಣಿಕೊಪ್ಪದಲ್ಲಿ ಕೂತು ಬರೆಯೋದು ಯಾಕೆ? ನಮ್ಮ ಮಕ್ಳಿಗೆ ಸಂಪಾತಿ ಯಾರು ಅಂತ ಕೇಳಿ ನೋಡಿ, ಗೊತ್ತಿರಲ್ಲ. ಇಕಾರಸ್ ಗೊತ್ತಿರುತ್ತೆ, ಯಾಕಂದ್ರೆ ಇಂಗ್ಲಿಷ್ ಪಾಠದಲ್ಲಿ ಬಂದಿರುತ್ತೆ.

ಬಣ್ಣದಬುಟ್ಟಿ:
ಕರಿಮೆಣಸು ಅವ್ರೇ, ಖಾರ ಹೆಸರಲ್ಲಷ್ಟೇ ಇದೆ ಅಂದ್ಕೊಂಡಿದ್ದೆ 😀 ನಮ್ಮ ಪುರಾಣ ಬೇಡ ಅಂತ ನಾನೆಲ್ಲಿ ಹೇಳ್ದೆ? ಗೊತ್ತಿಲ್ಲದ ಕಥೆ ಕೊಟ್ರೆ ಬೇರೆ ದಾರಿ ಇಲ್ದೇ ನೋಡ್ತಾರೆ, ನೋಡೋದು ರೂಢಿಗೆ ಬಂದ್ಮೇಲೆ ಗೊತ್ತಿರೋ ಕಥೆಗೆ ವಾಪಸ್ ಬರೋಣ ಅಂತ. ಸಂಪಾತಿ ಹೆಸರು ನೀವೇ ತೆಗೆದ್ರಿ, ಮುಂದುವರ್ಸಿ ಯಾರಾದ್ರೂ.

ಹಾರಂಗಿದಂಡೆ (ಕುಶಾಲನಗರ):
ಮುಂದುವರ್ಸ್ತೀನಿ ಟೀಚರ್, ಕನ್ನಡ ಪಾಠ ಮಾಡೋನಿಗೆ ಸುಮ್ನಿರೋಕೆ ಆಗಲ್ಲ. ಸಂಪಾತಿ ಜಟಾಯು ಅಣ್ಣತಮ್ಮಂದಿರು, ಯಾರು ಸೂರ್ಯನವರೆಗೆ ಹಾರ್ತಾರೆ ಅಂತ ಪಂಥ ಕಟ್ಕೊಂಡು ಹಾರಿದ್ರು, ಮಧ್ಯಾಹ್ನದ ಹೊತ್ತಿಗೆ ತಮ್ಮನಿಗೆ ತಲೆ ಸುತ್ತೋಕೆ ಶುರುವಾಯ್ತು, ಅಣ್ಣ ರೆಕ್ಕೆ ಚಾಚಿ ಅವನ ಮೇಲೆ ನೆರಳು ಹಿಡಿದ, ತಮ್ಮ ಉಳ್ಕೊಂಡ, ಅಣ್ಣನ ರೆಕ್ಕೆ ಸುಟ್ಟು ವಿಂಧ್ಯದ ಮೇಲೆ ಬಿದ್ದ. ಎಷ್ಟೋ ಕಾಲ ಆದ್ಮೇಲೆ ಸೀತೆ ಹುಡ್ಕೊಂಡು ಬಂದ ಕಪಿಗಳಿಗೆ ದಾರಿ ಹೇಳಿದ್ದು ಇದೇ ಸಂಪಾತಿ, ಹೇಳಿದ ಕೂಡ್ಲೇ ರೆಕ್ಕೆ ಮತ್ತೆ ಚಿಗುರುತ್ತೆ.

ಇಕಾರಸ್ ಕಥೇಲಿ ಈ ಚಿಗುರೋ ಭಾಗ ಇಲ್ಲ. ರೋಮನ್ ಕವಿ ಓವಿಡ್ ಬರೆದಿರೋ 'ಮೆಟಮಾರ್ಫೊಸಿಸ್'ನ ಎಂಟನೇ ಭಾಗದಲ್ಲಿ ಬರುತ್ತೆ, ಕ್ರಿಸ್ತಶಕ 8ರ ಹೊತ್ತಿಗೆ ಮುಗಿಸಿದ ಕಾವ್ಯ. ಅಲ್ಲಿ ವರ್ಣನೆ ನೋಡ್ಬೇಕು ನೀವು. ಅಪ್ಪ ಡೇಡಲಸ್ ಗರಿಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನಡುವೆ ದಾರ ಕಟ್ಟಿ, ಬುಡಕ್ಕೆ ಮೇಣ ಹಚ್ಚಿ, ಸ್ವಲ್ಪ ಬಾಗಿಸ್ತಾನೆ, ಪಕ್ಕದಲ್ಲಿ ಮಗ ಗಾಳಿಗೆ ಹಾರಿಹೋದ ಗರಿ ಹಿಡೀತಾ, ಹೆಬ್ಬೆರಳಲ್ಲಿ ಮೇಣ ಒತ್ತುತಾ ಅಪ್ಪನ ಕೆಲಸ ಕೆಡಿಸ್ತಾ ಆಡ್ತಿರ್ತಾನೆ. ರೆಕ್ಕೆ ಕಟ್ಟುವಾಗ ಅಪ್ಪನ ಕೆನ್ನೆ ಒದ್ದೆ, ಕೈ ನಡುಗ್ತಿದೆ. 'ಅಪ್ಪನಿಗೆ ದುಃಖವಾಯಿತು' ಅಂತ ಎಲ್ಲೂ ಇಲ್ಲ. ನಿಮ್ಮ ಬರಹಗಾರರಿಗೆ ಇದನ್ನ ಓದಿ ಹೇಳಿ.

ಇನ್ನೊಂದು. ಓವಿಡ್‌ನಲ್ಲಿ ಉಳೋನು, ಕುರಿ ಕಾಯೋನು, ಗಾಳದವನು ಮೂರೂ ಜನ ಬರ್ತಾರೆ, ಮೂರೂ ಜನ ತಲೆಯೆತ್ತಿ ಹಾರೋರನ್ನ ನೋಡಿ ಇವ್ರು ದೇವರೇ ಇರ್ಬೇಕು ಅಂತ ಬೆರಗಾಗ್ತಾರೆ. ಚಿತ್ರಗಾರ ಅದೇ ಮೂರು ಜನರನ್ನ ತಗೊಂಡು ಇಬ್ಬರ ತಲೆ ಬಗ್ಗಿಸ್ಬಿಟ್ಟ. ಕಥೆ ಅದೇ, ಮಾಡಿದ್ದು ಇಷ್ಟೇ.

ನಾಪೋಕ್ಲುನೋಟ:
ಆ ಹಾಳೆ ಬರ್ದೋಳು ನಾನೇ. ಕುರಿ ಕಾಯೋನು ಮಾತ್ರ ಯಾಕೆ ಮೇಲೆ ನೋಡ್ತಿದಾನೆ ಅನ್ನೋದು ಮನೆಗೆ ಹೋದ್ಮೇಲೂ ತಲೇಲಿ ಕೊರೀತಿತ್ತು. ಅವನು ನೋಡ್ತಿರೋ ಕಡೆ ಏನೂ ಇಲ್ಲ, ಖಾಲಿ ಆಕಾಶ. ಮತ್ತೆ ಸೂರ್ಯ ಮುಳುಗೋ ಹೊತ್ತಿನ ಸೂರ್ಯ ಥರ ಇದಾನೆ, ಆ ಬಿಸಿಲಿಗೆ ಮೇಣ ಕರಗುತ್ತಾ?

ಊರುಬಿಟ್ಟವ (ಬೆಂಗಳೂರು, ಮೂಲ ಸೋಮವಾರಪೇಟೆ):
@ನಾಪೋಕ್ಲುನೋಟ ಒಳ್ಳೇ ಪ್ರಶ್ನೆ. ಇದೇ ಚಿತ್ರದ ಇನ್ನೊಂದು ಪ್ರತಿ ಬ್ರಸೆಲ್ಸ್‌ನಲ್ಲೇ ವಾನ್ ಬ್ಯೂರೆನ್ ಅನ್ನೋ ಮನೆ-ಮ್ಯೂಸಿಯಂನಲ್ಲಿದೆ, ಅದರಲ್ಲಿ ಆಕಾಶದಲ್ಲಿ ಅಪ್ಪ ಡೇಡಲಸ್ ಹಾರ್ತಿದಾನೆ. ಕುರಿ ಕಾಯೋನು ನೋಡ್ತಿರೋದು ಅವನನ್ನ. ದೊಡ್ಡ ಮ್ಯೂಸಿಯಂನ ಪ್ರತಿಯಲ್ಲಿ ಅಪ್ಪನೇ ಇಲ್ಲ, ನೋಟ ಮಾತ್ರ ಉಳ್ಕೊಂಡಿದೆ. ದೊಡ್ಡ ಮ್ಯೂಸಿಯಂ ಅದನ್ನ 1912ರಲ್ಲಿ ಕೊಂಡಿದ್ದು, ಈಗ ಬಹಳಷ್ಟು ತಜ್ಞರು ಅದು ಬ್ರೂಗೆಲ್ ಸ್ವತಃ ಬರೆದಿದ್ದಲ್ಲ, ಕಳೆದುಹೋದ ಮೂಲದ ಹಳೇ ನಕಲು ಅಂತಾರೆ. ಸೂರ್ಯನ ವಿಷಯ ತುಂಬಾ ಜನರನ್ನ ಕಾಡಿದೆ, ನಂಗೆ ಅನ್ಸೋದು ಏನಂದ್ರೆ ಹುಡುಗ ಅಷ್ಟು ಎತ್ತರದಿಂದ ಬೀಳೋ ಹೊತ್ತಿಗೆ ಸಾಯಂಕಾಲ ಆಯ್ತು ಅಂತ. ತಮಾಷೆ ಅಲ್ಲ, ಬರೆಯೋಕೆ ಒಳ್ಳೇ ಎಳೆ ಅದು.

ಪ್ರಿಂಟ್ ದೊಡ್ಡದು ತೆಗೆಸಿದ್ರೆ ಇನ್ನೂ ಎರಡು ಕಾಣುತ್ತೆ. ನೀರಿನ ಮೇಲೆ ಇನ್ನೂ ಇಳೀತಿರೋ ನಾಲ್ಕಾರು ಗರಿ. ಗಾಳದವನ ಹತ್ರ ಕೊಂಬೆ ಮೇಲೆ ಕೂತಿರೋ ಗೌಜಲಕ್ಕಿ.

ಹಾರಂಗಿದಂಡೆ:
ಗೌಜಲಕ್ಕಿ! ಅದನ್ನ ನಾನು ಹೇಳ್ಬೇಕು ಅಂತಿದ್ದೆ, ಊರುಬಿಟ್ಟವ್ರು ಮೊದ್ಲು ಹಾರಿಸ್ಬಿಟ್ರು. ಡೇಡಲಸ್‌ಗೆ ತಂಗಿ ಮಗ ಒಬ್ಬ ಶಿಷ್ಯ ಇದ್ದ, ಮೀನಿನ ಬೆನ್ನುಮೂಳೆ ನೋಡಿ ಗರಗಸ ಕಂಡುಹಿಡಿದವನು. ಮಾವನಿಗೆ ಹೊಟ್ಟೆಕಿಚ್ಚು ತಡೀಲಿಲ್ಲ, ಕೋಟೆ ಮೇಲಿಂದ ತಳ್ಳಿಬಿಟ್ಟ. ದೇವಿ ಮಿನರ್ವಾ ಹುಡುಗನನ್ನ ಗಾಳಿಯಲ್ಲೇ ಹಿಡಿದು ಗೌಜಲಕ್ಕಿ ಮಾಡಿದ್ಳು, ಅದಕ್ಕೇ ಆ ಹಕ್ಕಿ ಎತ್ತರ ಹಾರಲ್ಲ, ಬಿದ್ದ ನೆನಪು. ಇಕಾರಸ್‌ನ ಮಣ್ಣು ಮಾಡುವಾಗ ಓವಿಡ್‌ನಲ್ಲಿ ಈ ಹಕ್ಕಿ ರೆಕ್ಕೆ ಬಡಿದು ಸಂತೋಷಪಡುತ್ತೆ. ಚಿತ್ರದಲ್ಲಿ ಸುಮ್ನೆ ಕೂತಿದೆ. ಮಗನನ್ನ ಕಳ್ಕೊಂಡ ಅಪ್ಪನೇ ಇನ್ನೊಬ್ಬರ ಮಗನನ್ನ ಬೀಳಿಸಿದವನು ಅನ್ನೋ ಲೆಕ್ಕವೆಲ್ಲ ಅಂಗೈಯಷ್ಟೂ ಇಲ್ಲದ ಒಂದು ಹಕ್ಕಿಯಲ್ಲಿದೆ, ಈಗ ಹೇಳಿ ಟೀಚರ್, ಕಥೆ ಗೊತ್ತಿಲ್ದೇ ನೋಡಿದ್ರೆ ಇದು ಹೇಗೆ ಸಿಗುತ್ತೆ? ನಿಮ್ಮ ಮಾತು ನಾನು ಅರ್ಧ ಮಾತ್ರ ಒಪ್ಪೋದು.

ಬಣ್ಣದಬುಟ್ಟಿ:
ಕಥೆ ಗೊತ್ತಿದ್ದೋರಿಗೂ ಗೌಜಲಕ್ಕಿ ಸಿಗ್ಬೇಕಾದ್ರೆ ಮೊದ್ಲು ಕೊಂಬೆ ಮೇಲೆ ಒಂದು ಹಕ್ಕಿ ಇದೆ ಅಂತ ನೋಡಿರ್ಬೇಕಲ್ವಾ ಸರ್. ಮೊದಲ ಅರ್ಧ ಗಂಟೆ ಕಥೆ ಬೇಡ ಅಂದೆ, ಇಡೀ ಮಧ್ಯಾಹ್ನ ಬೇಡ ಅಂದಿಲ್ಲ.

ಹಾರಂಗಿದಂಡೆ:
ಅದು ಸರಿ. ಸ್ಪೇನಿನ ಚಿತ್ರಗಾರ ವೆಲಾಸ್ಕೆಸ್‌ನ 'ನೂಲೋರು' ಚಿತ್ರಕ್ಕೆ ಆಗಿದ್ದೂ ಇದೇ. 1650ರ ದಶಕದ ಕೊನೆಯದು, ಮ್ಯಾಡ್ರಿಡ್‌ನ ಪ್ರಾಡೋದಲ್ಲಿದೆ. ಮುಂದುಗಡೆ ಹೆಂಗಸರು ನೂಲ್ತಿದಾರೆ, ರಾಟೆ ಎಷ್ಟು ಜೋರಾಗಿ ತಿರುಗ್ತಿದೆ ಅಂದ್ರೆ ಅರೆಕಾಲುಗಳೇ ಕಾಣಲ್ಲ, ಮಸುಕು ಬೆಳಕು ಅಷ್ಟೇ. ತುಂಬಾ ಕಾಲ ಎಲ್ರೂ ಇದನ್ನ ಮ್ಯಾಡ್ರಿಡ್‌ನ ಜಮಖಾನೆ ಕಾರ್ಖಾನೆ ಚಿತ್ರ ಅಂತಲೇ ನಂಬಿದ್ರು. 20ನೇ ಶತಮಾನದ ನಡುವಿಗೆ ಹಿಂದಿನ ಬೆಳಕಿನ ಕೋಣೆಯಲ್ಲಿ ಶಿರಸ್ತ್ರಾಣ ಹಾಕ್ಕೊಂಡು ನಿಂತಿರೋಳು ಮಿನರ್ವಾ, ಎದುರಿಗಿರೋಳು ಅರಾಕ್ನೆ, ದೇವಿ ಜೊತೆ ನೇಯ್ಗೆ ಪಂಥ ಕಟ್ಟಿ ಜೇಡ ಆಗಿಹೋದವಳು ಅಂತ ಗೊತ್ತಾಯ್ತು. ಗೋಡೆಗೆ ತೂಗಿರೋ ಜಮಖಾನೆ ಮೇಲಿರೋದು ಇಟಲಿಯ ಚಿತ್ರಗಾರ ಟಿಷಿಯನ್ ಬರೆದ ಯೂರೋಪಾ ಚಿತ್ರದ ನಕಲು. ನೋಡಿ, ಕಥೆ ಗೊತ್ತಿಲ್ಲದೋರು ರಾಟೆಯನ್ನ ಬಹಳ ಚೆನ್ನಾಗಿ ನೋಡಿದ್ರು, ಆದ್ರೆ ಹಿಂದಿನ ಕೋಣೆಗೆ ಹೋಗ್ಲೇ ಇಲ್ಲ. ಎರಡೂ ಬೇಕು.

ಕೋಟೆಬೀದಿ (ಮಡಿಕೇರಿ):
ನಾನು ಮಂಟಪದ ಕೆಲಸಕ್ಕೆ ಕೈ ಹಾಕೋನು, ಹಾಗಾಗಿ ನಂದೂ ಒಂದು ಮಾತು. ದಶಮಂಟಪದಲ್ಲಿ ಹತ್ತು ದೇವಸ್ಥಾನದ ಮಂಟಪ, ವಿಜಯದಶಮಿ ರಾತ್ರಿ ಶುರುವಾಗಿ ಬೆಳಗಿನವರೆಗೂ, ಟ್ರ್ಯಾಕ್ಟರ್ ಮೇಲೆ ದೊಡ್ಡ ದೊಡ್ಡ ಮೂರ್ತಿ, ಮೋಟಾರು, ಲೈಟಿಂಗ್, ಹೊಗೆ. ನಮಗೆ ಕಥೆ ಪೂರ್ತಿ ಬೇಕು ಮಾರಾಯ್ರೆ. ಅಸುರ ಬರ್ಬೇಕು, ಅಬ್ಬರಿಸ್ಬೇಕು, ದೇವಿ ಎದ್ದು ಬರ್ಬೇಕು, ತಲೆ ಉರುಳ್ಬೇಕು, ಇಲ್ಲಾಂದ್ರೆ ಜನ ಶಿಳ್ಳೆ ಹಾಕಲ್ಲ, ಬಹುಮಾನವೂ ಇಲ್ಲ. ಪೇಂಟಿಂಗಲ್ಲಿ ಒಂದೇ ಕ್ಷಣ. ನಾವು ಮಂಟಪಕ್ಕೆ ಸೀನ್ ಯೋಚ್ನೆ ಮಾಡುವಾಗ ಅಸುರ ಬಿದ್ದ ಮೇಲೆ ಮೋಟಾರು ಆಫ್ ಮಾಡಿ ಎರಡು ನಿಮಿಷ ಹಂಗೇ ನಿಲ್ಸಿದ್ರೆ ಹೇಗಿರುತ್ತೆ ಅಂತ ನಂಗೆ ಯಾವಾಗ್ಲೂ ಆಸೆ, ಕಮಿಟಿಯವ್ರು ಕೇಳಲ್ಲ 😄 ನೀವು ಮಾಡ್ತಿರೋದ್ರಲ್ಲಿ ಯಾವ ಕ್ಷಣ ಆರಿಸ್ಕೊಂಡಿದಾನೆ ಅನ್ನೋದನ್ನೂ ಬರೆಯೋಕೆ ಹೇಳಿ. ಬ್ರೂಗೆಲ್ ಹಾರಿದ್ದೂ ಬರೀಲಿಲ್ಲ, ಬಿದ್ದಿದ್ದೂ ಬರೀಲಿಲ್ಲ, ಬಿದ್ದು ಒಂದು ಸೆಕೆಂಡ್ ಆದ್ಮೇಲಿನದು ಬರೆದ.

ನಾಪೋಕ್ಲುನೋಟ:
ಕ್ಷಣದ ವಿಷಯಕ್ಕೆ ಟಿಷಿಯನ್‌ನ 'ಡಯಾನಾ ಮತ್ತು ಆಕ್ಟಿಯನ್' ಕೊಡಬಹುದು ಅಕ್ಕ. ಫೋನಲ್ಲಿ ದೊಡ್ಡದು ಮಾಡಿ ನೋಡ್ತಿದ್ದೆ. ಬೇಟೆಗೆ ಬಂದ ಹುಡುಗ ಪರದೆ ಸರಿಸಿದಾನೆ, ಒಳಗೆ ಸ್ನಾನ ಮಾಡ್ತಿರೋ ದೇವಿ ಬಟ್ಟೆ ಎಳ್ಕೊಳ್ತಿದಾಳೆ, ಅವಳ ಹತ್ರ ಇರೋ ಸಣ್ಣ ನಾಯಿ ಇವನ ದೊಡ್ಡ ನಾಯಿಗೆ ಬೊಗಳ್ತಿದೆ. ಶಾಪ ಇನ್ನೂ ಬಂದಿಲ್ಲ. ಆದ್ರೆ ಅಲ್ಲೇ ಕಂಬದ ಮೇಲೆ ಜಿಂಕೆ ತಲೆಬುರುಡೆ ಕೂತಿದೆ, ಕೊಂಬೆಗೆ ಚರ್ಮ ನೇತಾಡ್ತಿದೆ. ನಮ್ಮ ಐನ್‌ಮನೆ (ಕುಟುಂಬದ ಹಳೇ ಮೂಲಮನೆ) ಗೋಡೆ ಮೇಲೆ ಕಡವೆ ಕೊಂಬು ಇದೆ, ಚಿಕ್ಕಂದಿನಿಂದ ನೋಡಿದೀನಿ, ಅದರ ಕಣ್ಣಿನ ಗುಂಡಿ ಇರೋ ಜಾಗದಲ್ಲಿ ಜೇಡ ಗೂಡು ಕಟ್ಟಿರುತ್ತೆ. ಆ ಚಿತ್ರದಲ್ಲಿ ಬುರುಡೆ ನೋಡಿದ ತಕ್ಷಣ ಕಥೆ ಓದೋ ಮೊದ್ಲೇ ಗೊತ್ತಾಯ್ತು, ಈ ಹುಡುಗನ ಕಥೆ ಮುಗೀತು ಅಂತ.

ಕರಿಮೆಣಸು:
ಇದಕ್ಕೆ ನಾನು ಬರ್ತೀನಿ, ಬೇಟೆ ವಿಷಯ ಅಂದ್ರೆ ಸುಮ್ನಿರೋಕಾಗಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಎಲ್ಲ ನಿಂತ್ಹೋಯ್ತು, ನಿಲ್ಲಬೇಕಾಗಿದ್ದೇ, ಆದ್ರೆ ಅಜ್ಜಂದಿರ ಬಾಯಲ್ಲಿ ನಾಯಿಗಳ ಕಥೆ ಕೇಳಿ ಬೆಳೆದೋರು ನಾವು, ಯಾವ ನಾಯಿ ಹಂದಿಯ ಕಿವಿ ಹಿಡೀತಿತ್ತು, ಯಾವುದು ಹೆದ್ರಿ ಕಾಲಡಿ ಬರ್ತಿತ್ತು. ಹುಡುಗ ಜಿಂಕೆ ಆಗ್ತಾನೆ, ಆಮೇಲೆ ಅವನ ನಾಯಿಗಳೇ ಅವನನ್ನ ಕೊಲ್ತಾವೆ ಅಲ್ವಾ?

ಹಾರಂಗಿದಂಡೆ:
ಹೌದು, ಮತ್ತೆ ಓವಿಡ್ ಆ ನಾಯಿಗಳ ಹೆಸರು ಒಂದೊಂದಾಗಿ ಹೇಳ್ತಾನೆ, ಮೂವತ್ತಕ್ಕೂ ಹೆಚ್ಚು. ಯಾವುದರ ಬಣ್ಣ ಯಾವುದು, ಯಾವುದು ಮೂಸೋದ್ರಲ್ಲಿ ಚುರುಕು, ಯಾವುದು ಈಚೆಗೆ ಹಂದಿಯಿಂದ ಗಾಯ ಮಾಡ್ಕೊಂಡಿತ್ತು ಅಂತೆಲ್ಲ. ಅವನಿಗೆ 'ನಾನು ಕಣ್ರೋ, ನಿಮ್ಮ ಯಜಮಾನ' ಅಂತ ಕೂಗ್ಬೇಕು ಅನ್ಸುತ್ತೆ, ಬಾಯಲ್ಲಿ ಮಾತಿಲ್ಲ. ಜೊತೆಗಾರರು ಆಕ್ಟಿಯನ್ ಎಲ್ಲಿ ಹೋದ, ಇಂಥ ಬೇಟೆ ತಪ್ಪಿಸ್ಕೊಂಡ್ನಲ್ಲ ಅಂತ ಕರೀತಾನೇ ಇರ್ತಾರೆ.

ಟಿಷಿಯನ್ ಈ ಎರಡನೇ ಭಾಗವನ್ನೂ ಬರೆದಿದಾನೆ, 'ಆಕ್ಟಿಯನ್‌ನ ಸಾವು', ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಡಯಾನಾ ಬಿಲ್ಲು ಎಳೆದು ನಿಂತಿದಾಳೆ, ಆದ್ರೆ ಬಿಲ್ಲಿಗೆ ಹೆದೆ ಕಾಣಲ್ಲ. ಮುಗಿಸ್ದೇ ಬಿಟ್ನಾ, ಬೇಕಂತ ಬಿಟ್ನಾ ಅಂತ ಇವತ್ತಿಗೂ ವಾದ. ಮೊದಲನೇ ಚಿತ್ರ 1556ರಿಂದ 59ರ ನಡುವೆ ಸ್ಪೇನ್ ರಾಜ ಎರಡನೇ ಫಿಲಿಪ್‌ಗೆ ಅಂತ ಬರೆದಿದ್ದು, ಈಗ ಲಂಡನ್ನಿಗೂ ಎಡಿನ್‌ಬರೋಗೂ ಜಂಟಿಯಾಗಿ ಸೇರಿದ್ದು.

ಊರುಬಿಟ್ಟವ:
ಅಂದ್ರೆ ನಿಜವಾದ ಸ್ಕಾಟ್ಲೆಂಡಲ್ಲೂ ತೂಗುತ್ತೆ. ಟೀಚರ್ ಗುಂಪಲ್ಲಿ ಕೊಡಗಿನ ಬಗ್ಗೆ ಬರೆಯುವಾಗ 'ಭಾರತದ ಸ್ಕಾಟ್ಲೆಂಡ್' ಅಂದೋರಿಗೆ ಐವತ್ತು ರೂಪಾಯಿ ದಂಡ ಅಂತ ಕೇಳಿದ್ದೆ, ಈ ಚಿತ್ರಕ್ಕೆ ವಿನಾಯಿತಿ ಕೊಡಿ.

ಬಣ್ಣದಬುಟ್ಟಿ:
ವಿನಾಯಿತಿ ಇಲ್ಲ. 'ಮನಮೋಹಕ', 'ರುದ್ರರಮಣೀಯ', 'ಪ್ರಕೃತಿ ಮಾತೆಯ ಮಡಿಲು' ಇವಕ್ಕೂ ದಂಡ ಇದೆ, ಆ ದುಡ್ಡಲ್ಲೇ ಮೈದಾಹಿಟ್ಟು ಬರೋದು, ಪಫ್ಸ್ ಮಾಡೋಳು ನಾನು.

ಆಕ್ಟಿಯನ್ ಮಕ್ಕಳಿರೋ ಗುಂಪಿಗೆ ಕೊಡೋದು ಕಷ್ಟ, ದೊಡ್ಡೋರದ್ದಕ್ಕೆ ಇಟ್ಕೊಳ್ತೀನಿ. ಕರಿಮೆಣಸು ಅವ್ರ ಮಾತು ಕೇಳಿ ಈ ಭಾನುವಾರ ನಮ್ಮ ಕಡೆಯದೇ ಕೊಟ್ಟೆ, ರವಿವರ್ಮನ 'ಜಟಾಯು ವಧೆ'. 1906ರದ್ದು, ಅವರು ತೀರಿಕೊಂಡ ವರ್ಷವೇ, ಮೈಸೂರಿನ ಜಗನ್ಮೋಹನ ಅರಮನೆ ಗ್ಯಾಲರಿಯಲ್ಲಿರೋದು. ಷರತ್ತು ಒಂದೇ, ಹೆಸರು ಬರೆಯೋ ಹಾಗಿಲ್ಲ. ರಾವಣ ಅನ್ನೋ ಹಾಗಿಲ್ಲ, ಸೀತೆ ಅನ್ನೋ ಹಾಗಿಲ್ಲ, ಹಕ್ಕಿಗೆ ಹಕ್ಕಿ ಅಂತಲೇ ಬರೀಬೇಕು.

ಇಬ್ರು ಷರತ್ತು ಮುರಿದು ರಾವಣ ಅಂತ ಬರೆದ್ರು. ಅವರ ಹಾಳೆ ಸಿಕ್ಕ ಚಿತ್ರಗಾರರು ಏನು ಬರೆದ್ರು ಹೇಳಿ ನೋಡೋಣ. ಹತ್ತು ತಲೆ! ಪ್ರಿಂಟ್‌ನಲ್ಲಿ ಅವನಿಗೆ ಒಂದೇ ತಲೆ. ಇಷ್ಟು ವರ್ಷ ಆ ಚಿತ್ರ ನೋಡಿದೀವಿ, ಒಂದೇ ತಲೆ ಅಂತ ಗಮನಿಸಿದ್ರಾ ಯಾರಾದ್ರೂ?

ಷರತ್ತು ಪಾಲಿಸಿದ ಹಾಳೆ ಇದು, ಬರ್ದಿರೋದು ಹೈಸ್ಕೂಲ್ ಹುಡುಗ:

"ಕಿರೀಟ ಹಾಕಿರೋ ಮೀಸೆಯವನು ಕತ್ತಿ ಮೇಲೆತ್ತಿದಾನೆ. ಇನ್ನೊಂದು ಕೈಯಲ್ಲಿ ಒಬ್ಬ ಹೆಂಗಸನ್ನ ಹಿಡ್ಕೊಂಡಿದಾನೆ ಆದ್ರೆ ಅವಳನ್ನ ನೋಡ್ತಿಲ್ಲ, ಹಕ್ಕೀನ ನೋಡ್ತಿದಾನೆ. ಹೆಂಗಸು ಮುಖಕ್ಕೆ ಕೈ ಅಡ್ಡ ಹಿಡಿದಿದಾಳೆ. ಹಕ್ಕಿ ತುಂಬಾ ದೊಡ್ಡದು, ಆದ್ರೆ ರೆಕ್ಕೆ ಒಂದೇ ಇದೆ, ಇನ್ನೊಂದು ಬೀಳ್ತಿದೆ. ಬೀಳ್ತಿರೋ ರೆಕ್ಕೆ ಇನ್ನೂ ಹಾರ್ತಿರೋ ಥರ ಬಿಚ್ಕೊಂಡಿದೆ."

ಕೊನೇ ಸಾಲು ಓದಿ ಕೆಳಗಿದ್ದ ಒಬ್ರು ಇಡೀ ಹಾಳೆ ತುಂಬಾ ಬರೀ ಆ ರೆಕ್ಕೆ ಬರೆದ್ರು. ಕತ್ತಿ ಇಲ್ಲ, ರಾವಣ ಇಲ್ಲ. ಕಂದು, ಬೂದು, ಬುಡದಲ್ಲಿ ಒಂಚೂರು ಕೆಂಪು.

ಕರಿಮೆಣಸು:
ಒಂದೇ ತಲೆ ವಿಷಯ ನಿಜ. ನಮ್ಮನೇಲಿ ಹಳೇ ಓಲಿಯೋಗ್ರಾಫ್ (ಎಣ್ಣೆಬಣ್ಣದ ಚಿತ್ರದ ಥರ ಕಾಣೋ ಅಚ್ಚಿನ ಚಿತ್ರ) ಒಂದಿದೆ, ಅಜ್ಜಿ ಕಾಲದ್ದು, ಗಾಜಿನೊಳಗೆ ಗೆದ್ದಲು ಹಿಡಿದಿದೆ, ಈಗ ಹೋಗಿ ನೋಡ್ದೆ. ಒಂದೇ ತಲೆ. ಆದ್ರೂ ಅಕ್ಕ, ಆ ಹುಡುಗ ಅಷ್ಟು ಚೆನ್ನಾಗಿ ಬರೆದಿದ್ದು ನಮ್ಮದೇ ಚಿತ್ರ ಕೊಟ್ಟಿದ್ದಕ್ಕೆ. ಗ್ರೀಕ್ ಬೇಕಿರ್ಲಿಲ್ಲ.

ಬಣ್ಣದಬುಟ್ಟಿ:
ಅವನೇ ವನವಾಸದ ಚಿತ್ರಕ್ಕೆ 'ಪ್ರಕೃತಿ ರಮಣೀಯ' ಅಂತ ಬರೆದವನು. ನಡುವೆ ಇಕಾರಸ್ ಬಂದು ಹೋದ.

ಕರಿಮೆಣಸು:
ಸರಿ ಬಿಡಿ, ಅರ್ಧ ಒಪ್ದೆ.

ಹಾರಂಗಿದಂಡೆ:
ಈ ವಿಷಯಕ್ಕೆ ಒಂದು ಸೇರಿಸ್ಬೇಕು, ಉದ್ದ ಆದ್ರೆ ಕ್ಷಮಿಸಿ. ನಮ್ಮ ಹಳೇ ಕವಿಗಳಿಗೆ ಅಷ್ಟಾದಶ ವರ್ಣನೆ ಅಂತ ಪಟ್ಟಿ ಇತ್ತು, ಸಮುದ್ರ, ಬೆಟ್ಟ, ಋತು, ಸೂರ್ಯೋದಯ, ಚಂದ್ರೋದಯ, ಜಲಕ್ರೀಡೆ, ಯುದ್ಧ ಹೀಗೆ ಹದಿನೆಂಟು, ಮಹಾಕಾವ್ಯ ಅಂದ್ರೆ ಅವೆಲ್ಲ ಬರ್ಲೇಬೇಕು. ಒಳ್ಳೇ ಕವಿ ಕೈಯಲ್ಲಿ ಅದು ಕಣ್ಣಿಗೆ ಕಟ್ಟುತ್ತೆ, ಸಾಧಾರಣ ಕವಿ ಕೈಯಲ್ಲಿ ಹಾಜರಿ ಪುಸ್ತಕ ಆಗುತ್ತೆ. ಪಾಠ ಮಾಡುವಾಗ ನಾವೂ ಹದಿನೆಂಟರ ಹೆಸರು ಬಾಯಿಪಾಠ ಮಾಡಿಸಿ ಮುಗಿಸ್ತೀವಿ, ಅದೇ ಬೇಜಾರು. ಗ್ರೀಕರಲ್ಲಿ ಹೋಮರನ ಇಲಿಯಡ್‌ನ ಹದಿನೆಂಟನೇ ಭಾಗದಲ್ಲಿ ಕಮ್ಮಾರ ದೇವರು ಹೆಫೀಸ್ಟಸ್ ಅಕಿಲೀಸ್‌ಗೆ ಗುರಾಣಿ ಮಾಡಿಕೊಡ್ತಾನೆ, ಆ ಗುರಾಣಿ ಮೇಲೆ ಏನೇನು ಕೆತ್ತಿದ ಅನ್ನೋದೇ ನೂರಕ್ಕೂ ಹೆಚ್ಚು ಸಾಲು. ಎರಡು ಊರು, ಒಂದರಲ್ಲಿ ಮದುವೆ ಮೆರವಣಿಗೆ ಮತ್ತೆ ನ್ಯಾಯಪಂಚಾಯ್ತಿ, ಇನ್ನೊಂದಕ್ಕೆ ಸೈನ್ಯ ಮುತ್ತಿಗೆ ಹಾಕಿದೆ. ಆಮೇಲೆ ಹೊಲ. ಉಳೋರು ಸಾಲಿನ ಕೊನೆಗೆ ಬಂದಾಗ ಒಬ್ಬ ಒಂದು ಬಟ್ಟಲು ದ್ರಾಕ್ಷಾರಸ ಕೊಡ್ತಾನೆ, ಕುಡಿದು ತಿರುಗ್ತಾರೆ. ಅವರ ಹಿಂದೆ ಮಣ್ಣು ಕಪ್ಪಾಗ್ತಾ ಹೋಗುತ್ತೆ, ಗುರಾಣಿ ಮೇಲೆ ಆ ಹೊಲ ಚಿನ್ನದ್ದಾಗಿದ್ರೂ. ಚಿನ್ನ ಕಪ್ಪಗೆ ಕಾಣೋ ಹಾಗೆ ಕೆತ್ತಿದ ಅಂತ ಕವಿ ಒಂದು ಕ್ಷಣ ನಿಂತು ಬೆರಗಾಗ್ತಾನೆ. ಯುದ್ಧದ ಕಾವ್ಯದ ನಟ್ಟನಡುವೆ ಉಳುಮೆ! ಬ್ರೂಗೆಲ್‌ನ ಕೆಂಪು ತೋಳಿನವನ ಪಕ್ಕಕ್ಕೆ ಇವನನ್ನ ನಿಲ್ಸಿ ನೋಡಿ.

ಗ್ರೀಕ್ ಬೇಕಾ ಅಂದ್ರು ಕರಿಮೆಣಸು. ಬಿ.ಎಂ.ಶ್ರೀ ಅವ್ರು ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಏಜಾಕ್ಸ್ ನಾಟಕವನ್ನ ತಗೊಂಡು 'ಅಶ್ವತ್ಥಾಮನ್' ಮಾಡಿದ್ರು, ಅಲ್ಲಿಯ ವೀರನ ಜಾಗದಲ್ಲಿ ನಮ್ಮ ಅಶ್ವತ್ಥಾಮ. ಇದು ಹೊಸದೇನಲ್ಲ ನಮಗೆ.

ಮಳೆಮಾಪಕ (ಭಾಗಮಂಡಲ):
ಎಲ್ಲ ಓದ್ತಾ ಬಂದೆ, ಇಲ್ಲಿ ಕರೆಂಟ್ ಬಂದಾಗ ಬಂದಾಗ. ಟೀಚರ್, ಈ ಮಳೇಲಿ ನೀರುಬಣ್ಣ ಒಣಗುತ್ತಾ ನಿಮ್ಗೆ? ನಮ್ಮಲ್ಲಿ ಪೇಪರ್ ಅಂಗಡಿಯಿಂದ ತರೋ ಹೊತ್ತಿಗೇ ತೇವ ಹಿಡಿದು ಹಪ್ಪಳದ ಹಿಟ್ಟಾಗಿರುತ್ತೆ. ಎರಡನೇ ಕೋಟ್ ಹಚ್ಚಿದ್ರೆ ಮೊದಲನೇದು ಎದ್ದು ಬರುತ್ತೆ, ಬಿಳೀ ಬೂಷ್ಟು ಬೇರೆ.

ಬಣ್ಣದಬುಟ್ಟಿ:
300 ಜಿಎಸ್ಎಂನ ದಪ್ಪ ಪೇಪರ್ ತಗೊಳ್ಳಿ, ಒಲೆ ಮೇಲಿನ ಅಟ್ಟದಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಿ, ಹಲಗೆಗೆ ನಾಲ್ಕೂ ಕಡೆ ಗಮ್ ಟೇಪ್ ಹಾಕಿ. ಒಂದು ಕೋಟ್ ಆದ್ಮೇಲೆ ಹೇರ್ ಡ್ರೈಯರ್, ಹತ್ರ ಹಿಡೀಬೇಡಿ, ಬಣ್ಣ ಅಂಚಿಗೆ ಓಡುತ್ತೆ. ಆಗಲ್ಲ ಅಂದ್ರೆ ಪೋಸ್ಟರ್ ಕಲರ್ ಗಟ್ಟಿಯಾಗಿ ಹಚ್ಚಿ, ಮಳೆ ಬಿಟ್ಮೇಲೆ ನೀರುಬಣ್ಣ.

ಮಳೆಮಾಪಕ:
ಸರಿ ಟೀಚರ್. ನಂದೊಂದು ಬೇಡಿಕೆ ಇದೆ. ತುಲಾ ಸಂಕ್ರಮಣ ಅಕ್ಟೋಬರಲ್ಲಿ, ಆ ಹೊತ್ತಿಗೆ ಕಾವೇರಿ ಕಥೆ ತಗೊಳ್ಳಿ. ಇಲ್ಲಿಯವರೆಗೆ ಯಾರೋ ಬರೆದಿಟ್ಟ ಚಿತ್ರ ನೋಡಿ ಬರೆದ್ರಿ, ಇದಕ್ಕೆ ಉಲ್ಟಾ ಮಾಡಿ, ಮೊದ್ಲು ಬರಹ, ಆಮೇಲೆ ಚಿತ್ರ. ಯಾಕಂದ್ರೆ ಕಾವೇರಿ ಅಂದ್ರೆ ಎಲ್ರ ತಲೇಲೂ ಒಂದೇ ಚಿತ್ರ, ಕೈಯಲ್ಲಿ ಕಲಶ ಹಿಡಿದು ನಿಂತಿರೋ ಅಮ್ಮ. ಕಥೇಲಿ ಎಷ್ಟು ಜಾಗ ಇದೆ ನೋಡಿ. ಕವೇರ ಮುನಿ ಮಗಳು, ಒಂಟಿಯಾಗಿ ಬಿಟ್ಟು ಹೋಗ್ಬಾರ್ದು ಅಂತ ಮಾತು ತಗೊಂಡು ಅಗಸ್ತ್ಯರನ್ನ ಮದುವೆ ಆದ್ಳು, ಅವರು ಸ್ನಾನಕ್ಕೆ ಹೋಗುವಾಗ ಕಮಂಡಲದಲ್ಲಿಟ್ಟು ಶಿಷ್ಯರನ್ನ ಕಾವಲು ಹಾಕಿ ಹೋದ್ರು, ಮಾತು ತಪ್ಪಿತು ಅಂತ ಹರಿದು ಹೊರಟ್ಳು. ಹರದಾಸ ಅಪ್ಪಚ್ಚಕವಿಗಳು ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೇಲಿ) ಇದನ್ನೇ ನಾಟಕ ಮಾಡಿದಾರೆ. ಬೇರೆ ಕಡೆ ಗಣಪತಿ ಕಾಗೆ ಆಗಿ ಬಂದು ಕಮಂಡಲ ಉರುಳಿಸಿದ ಅಂತಲೂ ಹೇಳ್ತಾರೆ.

ಯಾವ ಕ್ಷಣ ಆರಿಸ್ತೀರಿ? ನಂಗೆ ಆ ಕಾವಲಿಗಿದ್ದ ಶಿಷ್ಯರು ಬೇಕು. ಇಷ್ಟು ದೊಡ್ಡ ಕಥೇಲಿ ಅವರನ್ನ ಯಾರೂ ನೋಡಲ್ಲ.

ನಾಪೋಕ್ಲುನೋಟ:
ಬಲಮುರಿ ನಮ್ಮ ಪಕ್ಕ (ಶ್ರೀರಂಗಪಟ್ಟಣದ ಹತ್ರದ್ದಲ್ಲ, ನಮ್ಮದು). ಜನ ಎಲ್ಲ ಅಡ್ಡ ನಿಂತು ಹೋಗ್ಬೇಡ ಅಂತ ತಡೆದ್ರು, ನೀರು ನುಗ್ಗಿದ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಯ್ತು, ಅದಕ್ಕೇ ಕೊಡವತಿಯರು ಇವತ್ತಿಗೂ ನೆರಿಗೆ ಹಿಂದೆ ಉಡೋದು ಅಂತಾರಲ್ಲ, ಆ ಕ್ಷಣ ನಂದು. ದೇವಿ ಬೇಡ, ಬರೀ ಸೊಂಟದ ಮಟ್ಟ ನೀರಲ್ಲಿ ನಿಂತ ಹೆಂಗಸರು, ಒಬ್ಬಳು ಕೈ ಹಿಂದೆ ಮಾಡಿ ನೆರಿಗೆ ಹುಡುಕ್ತಿದಾಳೆ, ಮುಂದೆ ಇದ್ದಿದ್ದು ಎಲ್ಲಿ ಹೋಯ್ತು ಅಂತ.

ಕೋಟೆಬೀದಿ:
ಅಬ್ಬಾ. ಇದನ್ನ ಮಂಟಪಕ್ಕೆ ಕೊಡ್ತೀರಾ? ಮೋಟಾರು ಬೇಕಾಗೇ ಇಲ್ಲ.

ಕರಿಮೆಣಸು:
ನಂಗೆ ಕಾಗೆ ಕೊಡಿ. ಕೊಡಗಿನ ಕಥೇಲಿ ಕಾಗೆ ಇಲ್ಲ ಅಂತ ಜಗಳ ಬಂದ್ರೂ ಪರವಾಗಿಲ್ಲ, ಕಾಗೆ ಬರೆಯೋದು ನಂಗೆ ಬರುತ್ತೆ, ಮನುಷ್ಯರ ಕೈಬೆರಳು ಬರಲ್ಲ.

ಹಾರಂಗಿದಂಡೆ:
ಜಗಳ ಬರುತ್ತೆ, ಬರ್ಲಿ. ಆದ್ರೆ ಒಂದು ಚಿತ್ರದಲ್ಲಿ ಎರಡು ಕಥೆ ಕಲಸ್ಬೇಡಿ. ಕಾಗೆ ಬಂದ್ರೆ ಉರುಳಿಸಿದ್ದು ಕಾಗೆ, ಅವಳಾಗಿ ಹೊರಟಿದ್ದಲ್ಲ. ಯಾವುದು ಅಂತ ಬರಹದಲ್ಲೇ ತೀರ್ಮಾನ ಆಗ್ಲಿ.

ಊರುಬಿಟ್ಟವ:
ನಾನು ಸಂಕ್ರಮಣಕ್ಕೆ ಹೇಗೂ ಊರಿಗೆ ಬರ್ತೀನಿ, ಬ್ರೂಗೆಲ್ ಪ್ರಿಂಟ್ ಎ1 ಸೈಜಲ್ಲಿ ತೆಗೆಸಿ ತರ್ಲಾ? ಮೂಲ ಇರೋದು 112 ಸೆಂಟಿಮೀಟರ್ ಅಗಲ, ಅಷ್ಟು ಬರಲ್ಲ, ಆದ್ರೆ ಗೌಜಲಕ್ಕಿ ಬರಿಗಣ್ಣಿಗೆ ಕಾಣುತ್ತೆ.

ಬಣ್ಣದಬುಟ್ಟಿ:
ತನ್ನಿ ತನ್ನಿ. ಕಾವೇರಿಗೆ ಹೀಗೆ ಮಾಡೋಣ: ಮಳೆಮಾಪಕರು ಶಿಷ್ಯರು, ನಾಪೋಕ್ಲು ಬಲಮುರಿ, ಕರಿಮೆಣಸು ಕಾಗೆ. ಮೂರೂ ಜನ ಒಂದೊಂದು ಪುಟ ಬರೆದು ಕಳಿಸಿ, ಹೆಸರುಗಳು ಬೇಡ, ಕಾವೇರಿ ಅನ್ನೋ ಹೆಸರೂ ಬೇಡ. ಯಾರ ಹಾಳೆ ಯಾರಿಗೆ ಅಂತ ನಾನು ಚೀಟಿ ಎತ್ತಿಸ್ತೀನಿ. ಕರಿಮೆಣಸು ಅವ್ರೇ, ಚೀಟೀಲಿ ನಿಮ್ಗೆ ಬಲಮುರಿ ಬಂದ್ರೆ ಕೈಬೆರಳು ಬರೀಲೇಬೇಕು.

ಕರಿಮೆಣಸು:
ಸೊಂಟದ ಮಟ್ಟ ನೀರಿದೆ ಅಲ್ವಾ, ಕೈ ಎಲ್ಲ ನೀರೊಳಗೆ ಇಡ್ತೀನಿ.

ನಾಪೋಕ್ಲುನೋಟ:
ಒಬ್ಬಳ ಕೈ ಹಿಂದೆ ನೆರಿಗೆ ಮೇಲಿದೆ ಅಂತ ಮೇಲೆ ಬರೆದಿದೀನಿ, ಓದಿ ಸರಿಯಾಗಿ 😄

ಮಳೆಮಾಪಕ:
ಬರೆಯೋಕೆ ಕೂತೆ. ಶಿಷ್ಯರು ಎಷ್ಟು ಜನ ಇಡ್ಲಿ? ಇಬ್ರು ಸಾಕಾ? ಒಬ್ಬನಿಗೆ ನಿದ್ದೆ ಬಂದಿರ್ಲಿ ಅಂತಿದೀನಿ.